ಕೋಲು ಹಿಡಿಯುವ ಕೈ

ಸ್ವಾತಂತ್ರ್ಯ ದಿನದ ಮೆರವಣಿಗೆಯಲ್ಲಿ ಬ್ಯಾಂಡ್ ತಂಡವನ್ನು ಹತ್ತಿರದಿಂದ ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಹಳೆಯ ಕ್ರಮದಲ್ಲಿ ಕಲಿತ ಡ್ರಮ್ ವಾದಕನ ಎರಡು ಕೈಗಳು ಕೋಲನ್ನು ಒಂದೇ ರೀತಿ ಹಿಡಿದಿರುವುದಿಲ್ಲ. ಬಲಗೈ ಸುತ್ತಿಗೆಯನ್ನು ಹಿಡಿದಂತೆ ಮೇಲಿನಿಂದ ಹಿಡಿದಿರುತ್ತದೆ. ಎಡಗೈಯಲ್ಲಿ ಮಾತ್ರ ಅಂಗೈ ಮೇಲ್ಮುಖವಾಗಿರುತ್ತದೆ. ಕೋಲು ಹೆಬ್ಬೆರಳಿನ ಬುಡದ ಸಂದಿಯಲ್ಲಿ ಕೂತು, ಬೆರಳುಗಳ ನಡುವೆ ಹಾದು ಹೊರಗೆ ಚಾಚಿರುತ್ತದೆ. ನೋಡುವವರಿಗೆ ಇದು ಅನಗತ್ಯ ಕಷ್ಟದಂತೆ ಕಾಣುತ್ತದೆ. ಎರಡೂ ಕೈಗಳಲ್ಲಿ ಒಂದೇ ರೀತಿ ಹಿಡಿದರೆ ಆಗದೆ?

ಇದೇ ಪ್ರಶ್ನೆಯನ್ನು ಊರ ಹಬ್ಬದ ತಮಟೆಯ ಮುಂದೆ ನಿಂತೂ ಕೇಳಬಹುದು. ಅಲ್ಲಿ ಎರಡು ಕೈಗಳ ಹಿಡಿತ ಮಾತ್ರವಲ್ಲ, ಎರಡು ಕೋಲುಗಳೇ ಬೇರೆ ಬೇರೆ. ಒಂದು ಗಿಡ್ಡ ಮತ್ತು ದಪ್ಪ. ಇನ್ನೊಂದು ಉದ್ದ ಮತ್ತು ತೆಳು. ಡ್ರಮ್ ಕಲಿಯಲು ಹೊರಟ ಇಂದಿನ ಹುಡುಗ ಹುಡುಗಿಯರಿಗೆ ಗುರುಗಳು ಮೊದಲ ದಿನವೇ ಕೇಳುವ ಪ್ರಶ್ನೆಯೂ ಇದೇ: ಕೋಲನ್ನು ಹೇಗೆ ಹಿಡಿಯುತ್ತೀರಿ? ಉತ್ತರ ಕೇವಲ ಬೆರಳುಗಳಿಗೆ ಸಂಬಂಧಿಸಿದ್ದು ಎಂದು ನಾವು ತಿಳಿದಿರುತ್ತೇವೆ. ಅದರ ಹಿಂದೆ ಸೈನಿಕರ ನಡಿಗೆ, ಆನೆ ಕುದುರೆಗಳ ಬೆನ್ನು, ದೇವರ ಮೆರವಣಿಗೆ, ಕೊನೆಗೆ ಜಾತಿಯ ಲೆಕ್ಕಾಚಾರವೂ ಇದೆ ಎಂಬುದು ಸ್ವಲ್ಪ ಕೆದಕಿದಾಗ ತಿಳಿಯುತ್ತದೆ.

ತಮಟೆಯ ಎರಡು ಕೋಲು

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಕಾವೇರಿ ಸೀಮೆಯ ಊರು. ಮಂಟೇಸ್ವಾಮಿ ಪರಂಪರೆಯ ಮುಖ್ಯ ಗದ್ದುಗೆಗಳಲ್ಲಿ ಒಂದಾದ ಬೊಪ್ಪೇಗೌಡನಪುರ ಇದೇ ಭಾಗದಲ್ಲಿದೆ. ನದಿ ದಾಟಿದರೆ ಕೊಳ್ಳೇಗಾಲ, ಅದರಾಚೆ ಮಲೆ ಮಹದೇಶ್ವರನ ಬೆಟ್ಟಗಳು. ಮಾರಿಹಬ್ಬ, ಕೊಂಡ, ಪರಿಷೆ, ಪೂಜಾ ಕುಣಿತ, ಪಟದ ಕುಣಿತಗಳಿರುವ ಈ ಸೀಮೆಯಲ್ಲಿ ಚರ್ಮವಾದ್ಯವಿಲ್ಲದೆ ದೇವರು ಗುಡಿಯಿಂದ ಹೊರಗೆ ಹೆಜ್ಜೆ ಇಡುವುದಿಲ್ಲ. ತಮಟೆ, ನಗಾರಿ, ದೋಣು ಇಲ್ಲಿನ ಕುಣಿತಗಳ ಬೆನ್ನೆಲುಬು.

ತಮಟೆಯ ರಚನೆ ಸರಳ. ಮರದ ಅಥವಾ ಕಬ್ಬಿಣದ ಬಳೆ, ಅದರ ಒಂದು ಮುಖಕ್ಕೆ ಬಿಗಿದ ಚರ್ಮ. ಬಾರಿಸುವ ಮೊದಲು ಹುಲ್ಲಿನ ಬೆಂಕಿಯಲ್ಲಿ ಕಾಯಿಸುತ್ತಾರೆ. ಬಿಸಿಗೆ ಚರ್ಮದೊಳಗಿನ ತೇವ ಆರಿ, ಅದು ಬಿಗಿಯಾಗಿ, ಧ್ವನಿ ಮೇಲೇರುತ್ತದೆ. ಮಳೆಗಾಲದಲ್ಲಿ ಪದೇ ಪದೇ ಕಾಯಿಸಬೇಕಾಗುತ್ತದೆ. ಈಚೆಗೆ ಫೈಬರ್ ಹಾಳೆಯನ್ನು ಬೋಲ್ಟಿನಿಂದ ಬಿಗಿದ ತಮಟೆಗಳು ಬಂದಿವೆ. ಅವಕ್ಕೆ ಬೆಂಕಿ ಬೇಡ.

ಈಗ ಹಿಡಿತಕ್ಕೆ ಬರೋಣ. ತಮಟೆ ವಾದಕ ಒಂದೆಡೆ ಕೂರುವವನಲ್ಲ. ಅವನು ನಡೆಯುತ್ತಾನೆ, ಕುಣಿಯುತ್ತಾನೆ, ಬಾಗುತ್ತಾನೆ, ತಿರುಗುತ್ತಾನೆ. ವಾದ್ಯ ಅವನ ಎಡಪಕ್ಕೆಗೆ ಆತುಕೊಂಡು, ಪಟ್ಟಿಯಿಂದಲೋ ತೋಳಿನ ಆಸರೆಯಿಂದಲೋ ನಿಂತಿರುತ್ತದೆ. ಅಂದರೆ ಎಡಗೈಗೆ ಎರಡು ಕೆಲಸ: ಬಳೆಯ ಅಂಚನ್ನು ಅದುಮಿ ವಾದ್ಯವನ್ನು ಅಲುಗದಂತೆ ಇಡಬೇಕು, ಜೊತೆಗೆ ಬಾರಿಸಲೂ ಬೇಕು. ಅಂಚಿನ ಮೇಲೆ ಕೂತ ಕೈ ಎತ್ತಿ ಹೊಡೆಯಲಾರದು. ಆದ್ದರಿಂದ ಆ ಕೈಗೆ ಉದ್ದನೆಯ, ತೆಳುವಾದ, ಬಳುಕುವ ಬಿದಿರಿನ ಕಡ್ಡಿ. ಮಣಿಕಟ್ಟು ಮತ್ತು ಬೆರಳುಗಳ ಸಣ್ಣ ಚಲನೆಗೇ ಅದು ಚರ್ಮದ ಮೇಲೆ ಅಡ್ಡಲಾಗಿ ಬಿದ್ದು ‘ಚಟ್’ ಎಂಬ ತೀಕ್ಷ್ಣ ಸದ್ದು ಕೊಡುತ್ತದೆ. ಬಲಗೈಗೆ ವಾದ್ಯ ಹೊರುವ ಭಾರವಿಲ್ಲ. ಆದ್ದರಿಂದ ಅದರಲ್ಲಿ ಗಿಡ್ಡ, ದಪ್ಪ ಕೋಲು. ಅದು ನಡುಭಾಗಕ್ಕೆ ಬಿದ್ದಾಗ ತುಂಬಿದ ಧ್ವನಿ ಬರುತ್ತದೆ.

ತಾಳದ ಮುಖ್ಯ ಪೆಟ್ಟು ಬಲಗೈಯದು, ಅದರ ನಡುವಿನ ಜಾಗ ತುಂಬುವುದು ಎಡಗೈಯದು. ಎರಡು ಕೋಲುಗಳ ಅಸಮಾನತೆ ಹೀಗೆ ಅರ್ಥವಿಲ್ಲದ ಸಂಪ್ರದಾಯವಲ್ಲ. ಕುಣಿಯುತ್ತ ಬಾರಿಸಬೇಕಾದ ದೇಹ ತನಗೆ ತಾನೇ ಕಂಡುಕೊಂಡ ಪರಿಹಾರ ಅದು. ಎಡಗೈ ವಾದಕನಾದರೆ ಎಲ್ಲವೂ ಅದಲುಬದಲಾಗುತ್ತದೆ, ಅಷ್ಟೆ.

ವಾದ್ಯ ಎಲ್ಲಿ ಕೂತಿದೆ?

ಕರ್ನಾಟಕದ ಇತರ ಚರ್ಮವಾದ್ಯಗಳನ್ನು ಇದೇ ಕಣ್ಣಿನಿಂದ ನೋಡಿದರೆ ಒಂದು ಸೂತ್ರ ಸಿಗುತ್ತದೆ. ಕೋಲಿನ ಹಿಡಿತವನ್ನು ನಿರ್ಧರಿಸುವುದು ವಾದ್ಯ ದೇಹದ ಯಾವ ಭಾಗದಲ್ಲಿ, ಹೇಗೆ ಕೂತಿದೆ ಎಂಬುದು.

ಬೀರೇಶ್ವರನ ಪರಂಪರೆಯ ಡೊಳ್ಳನ್ನು ಹೊಟ್ಟೆಯ ಮುಂದೆ ಅಡ್ಡಲಾಗಿ ತೂಗುಹಾಕಿಕೊಳ್ಳುತ್ತಾರೆ. ಎರಡು ಮುಖಗಳು ಎರಡು ಪಕ್ಕಕ್ಕಿರುತ್ತವೆ. ಬಲಮುಖಕ್ಕೆ ಕೋಲು, ಎಡಮುಖಕ್ಕೆ ಬರಿಗೈ. ನೆಗೆದು ಕುಣಿಯುವಾಗ ಡೊಳ್ಳು ಅತ್ತಿತ್ತ ಹಾರದಂತೆ ಆ ಬರಿಗೈಯೇ ಸಂಭಾಳಿಸುತ್ತದೆ. ಮದುವೆ, ಉತ್ಸವಗಳ ಓಲಗದಲ್ಲಿ ನಾಗಸ್ವರದ ಜೊತೆಗೆ ಬರುವ ಡೋಲಿನಲ್ಲೂ ಒಂದು ಕೈಗೆ ಮಾತ್ರ ಗಿಡ್ಡ ಕೋಲು. ಇನ್ನೊಂದು ಕೈಯ ಬೆರಳುಗಳಿಗೆ ಗಟ್ಟಿ ಮಾಡಿದ ಟೋಪಿಗಳು. ಆ ಕೋಲಿಗೆ ಸಾಮಾನ್ಯವಾಗಿ ಹೂವರಸಿ ಮರವನ್ನು ಬಳಸುತ್ತಾರೆ. ಕೊಡಗಿನ ದುಡಿ ನಡು ಸಣ್ಣಗಿರುವ ಪುಟ್ಟ ವಾದ್ಯ. ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದಿರಬೇಕಾದ್ದರಿಂದ ಬಲಗೈಯಲ್ಲಿ ಒಂದೇ ಒಂದು ಕಡ್ಡಿ. ದುರುಗಮುರುಗಿಯರ ಉರುಮೆಯಲ್ಲಿ ಕೋಲಿನ ಕೆಲಸವೇ ಬೇರೆ: ಒಂದು ಮುಖವನ್ನು ಬಡಿದರೆ ಇನ್ನೊಂದು ಮುಖವನ್ನು ಬಾಗಿದ ಕಡ್ಡಿಯಿಂದ ಉಜ್ಜುತ್ತಾರೆ. ಬೀದಿಯ ತುದಿಯಲ್ಲಿ ಆ ಗುರುಗುಟ್ಟುವ ಸದ್ದು ಕೇಳಿ ಮಕ್ಕಳು ಒಳಗೋಡುತ್ತಿದ್ದುದನ್ನು ಹಿರಿಯರು ಮರೆತಿರಲಾರರು.

ಕರಾವಳಿಯ ಚೆಂಡೆ ಹೆಗಲಿನಿಂದ ನೇರವಾಗಿ ಇಳಿಬೀಳುತ್ತದೆ. ಬಾರಿಸುವ ಮುಖ ಮೇಲಕ್ಕಿರುತ್ತದೆ. ವಾದ್ಯ ಮೈಯ ಮುಂದೆ ನಡುವೆ ಇರುವುದರಿಂದ ಎರಡೂ ಕೈಗಳಿಗೆ ಸಮಾನ ಅವಕಾಶ. ಹೀಗಾಗಿ ಯಕ್ಷಗಾನದ ಚೆಂಡೆಗೆ ಎರಡೂ ಕೈಗಳಲ್ಲಿ ಒಂದೇ ಬಗೆಯ ಹಗುರ ಕೋಲು. ಆದರೆ ಇದೇ ಕುಟುಂಬದ ಕೇರಳದ ಚೆಂಡೆಯಲ್ಲಿ, ‘ತಾಯಂಬಕ’ ಎಂಬ ಏಕವ್ಯಕ್ತಿ ಪ್ರದರ್ಶನಕ್ಕೆ ಒಂದು ಕೈಯಲ್ಲಿ ಕೋಲು, ಇನ್ನೊಂದು ಬರಿಗೈ. ವಾದ್ಯವೊಂದೇ ಆದರೂ ಬೇಕಾದ ನಾದ ಬೇರೆ ಎಂದಾಗ ಹಿಡಿತವೂ ಬದಲಾಗುತ್ತದೆ.

ನಗಾರಿಯಂತೂ ನೆಲದ ಮೇಲೋ ಪೀಠದ ಮೇಲೋ ಕೂರುವ ಭಾರಿ ವಾದ್ಯ. ಹೊರುವ ಕೆಲಸ ಎರಡು ಕೈಗೂ ಇಲ್ಲ. ಆದ್ದರಿಂದ ಎರಡರಲ್ಲೂ ಒಂದೇ ಬಗೆಯ ಕೋಲು, ಒಂದೇ ಬಗೆಯ ಹಿಡಿತ. ಮೈಸೂರು ದಸರೆಯ ಜಂಬೂ ಸವಾರಿಯಲ್ಲಿ ನಿಶಾನೆ ಆನೆಯ ಜೊತೆಗೆ ನೌಫತ್ ಆನೆ ಸಾಗುವುದನ್ನು ಓದುಗರು ನೋಡಿರುತ್ತಾರೆ. ನೌಬತ್ತು ಎಂದರೆ ಅರಸರ ಬಾಗಿಲಲ್ಲಿ ಮೊಳಗುತ್ತಿದ್ದ ನಗಾರಿಯ ಗೌರವ. ಅದನ್ನು ಹೊರುವ ಮರ್ಯಾದೆ ಆನೆಯದು.

ಕುದುರೆಯಿಂದ ಕುರ್ಚಿಗೆ

ನಗಾರಿ ಎಂಬ ಹೆಸರು ಅರಬ್ಬಿಯ ‘ನಕ್ಕಾರ’ದಿಂದ ಬಂದದ್ದು. ಅದೇ ವಾದ್ಯ ಧರ್ಮಯುದ್ಧಗಳ ಕಾಲದಲ್ಲಿ ಪಶ್ಚಿಮಕ್ಕೂ ಹೋಗಿ ಇಂಗ್ಲೆಂಡಿನಲ್ಲಿ ‘ನೇಕರ್’ ಎನಿಸಿಕೊಂಡಿತು. ದೊಡ್ಡ ನಗಾರಿಗಳು ಕುದುರೆಯ ಮೇಲೇರಿ ಯುರೋಪಿನ ಒಳನಾಡಿಗೆ ಬಂದದ್ದು ಅದಕ್ಕಿಂತ ಈಚೆಗೆ. 1457ರಲ್ಲಿ ಹಂಗೇರಿಯ ರಾಯಭಾರಿಗಳು ಕುದುರೆಗಳ ಮೇಲೆ ನಗಾರಿ ಹೊರಿಸಿಕೊಂಡು ಫ್ರಾನ್ಸಿಗೆ ಬಂದಾಗ ಅಲ್ಲಿನವರು ಬೆರಗಾದರೆಂಬುದು ದಾಖಲಾಗಿದೆ. ಸವಾರನ ಎರಡು ಪಕ್ಕಕ್ಕೂ ಒಂದೊಂದು ನಗಾರಿ. ಅವನ ಎರಡು ಕೈಗಳ ಹಿಡಿತವೂ ಒಂದೇ. ಇಂದಿನ ಪಾಶ್ಚಾತ್ಯ ವಾದ್ಯವೃಂದದ ‘ಟಿಂಪನಿ’ ಈ ಕುದುರೆ ನಗಾರಿಯ ವಂಶದ್ದು.

ಕಾಲಾಳುಗಳ ಡ್ರಮ್ಮಿನ ಕಥೆ ಬೇರೆ. ಅದನ್ನು ಹೊತ್ತವನು ಕುದುರೆಯ ಮೇಲಿರಲಿಲ್ಲ, ಮೈಲುಗಟ್ಟಲೆ ನಡೆಯಬೇಕಿತ್ತು. ಡ್ರಮ್ಮನ್ನು ಮುಂದೆ ಕಟ್ಟಿಕೊಂಡರೆ ಮಂಡಿಗೆ ತಾಗುತ್ತದೆ. ಆದ್ದರಿಂದ ಬಲಹೆಗಲಿನ ಮೇಲಿಂದ ಪಟ್ಟಿ ಇಳಿಬಿಟ್ಟು ಎಡತೊಡೆಯ ಪಕ್ಕಕ್ಕೆ ತೂಗುಹಾಕಿದರು. ಹೀಗೆ ತೂಗುವ ಡ್ರಮ್ಮಿನ ಬಾಯಿ ಓರೆಯಾಗುತ್ತದೆ, ಎಡ ಅಂಚು ಮೇಲೇಳುತ್ತದೆ. ಎಡಗೈಯನ್ನು ಬಲಗೈಯಂತೆಯೇ ಹಿಡಿದರೆ ಮೊಣಕೈಯನ್ನು ಹೆಗಲ ಮಟ್ಟಕ್ಕೆ ಎತ್ತಬೇಕು. ಅಂಗೈಯನ್ನು ಮೇಲಕ್ಕೆ ತಿರುಗಿಸಿ, ಮುಂಗೈಯನ್ನು ಕೀಲಿ ತಿರುವಿದಂತೆ ತಿರುವಿ ಬಾರಿಸಿದರೆ ಆ ತೊಂದರೆ ಇಲ್ಲ. ಸ್ವಿಟ್ಜರ್‌ಲೆಂಡಿನ ಕಾಲಾಳು ಪಡೆಗಳು ಪ್ರಸಿದ್ಧಗೊಳಿಸಿದ ಈ ಪಕ್ಕದ ಡ್ರಮ್ಮು ಯುರೋಪಿನ ಎಲ್ಲ ಸೈನ್ಯಗಳಿಗೂ ಹಬ್ಬಿ, ಬ್ರಿಟಿಷರ ಪಡೆಗಳೊಂದಿಗೆ ನಮ್ಮ ದೇಶಕ್ಕೂ ಬಂತು. ಮೈಸೂರು ಅರಮನೆಯಲ್ಲಿ ಪಾಶ್ಚಾತ್ಯ ಸಂಗೀತದ ಬ್ಯಾಂಡ್ ಇತ್ತು. ಅದರ ಉತ್ತರಾಧಿಕಾರಿಯಾದ ಪೊಲೀಸ್ ವಾದ್ಯವೃಂದದಲ್ಲಿ ಇಂಗ್ಲಿಷ್ ಬ್ಯಾಂಡ್ ಒಂದು, ಪಾಶ್ಚಾತ್ಯ ವಾದ್ಯಗಳಲ್ಲೇ ತ್ಯಾಗರಾಜರ ಕೃತಿಗಳನ್ನು ನುಡಿಸುವ ಕರ್ನಾಟಕ ಬ್ಯಾಂಡ್ ಇನ್ನೊಂದು. ಶಾಲೆಯ ಬ್ಯಾಂಡು, ಮದುವೆಯ ಬ್ಯಾಂಡ್‌ಸೆಟ್ಟು ಎಲ್ಲವೂ ದೂರದಿಂದ ಆ ಸೈನಿಕ ಡ್ರಮ್ಮಿನ ಮೊಮ್ಮಕ್ಕಳೇ.

ಕುತೂಹಲದ ಭಾಗ ಮುಂದಿನದು. 19ನೇ ಶತಮಾನದ ಕೊನೆಗೆ ಅಮೆರಿಕದಲ್ಲಿ ಡ್ರಮ್ಮು ಹೆಗಲಿನಿಂದ ಇಳಿಯಿತು. ಅದಕ್ಕೊಂದು ಸ್ಟ್ಯಾಂಡ್ ಬಂತು. 1909ರ ಹೊತ್ತಿಗೆ ಲುಡ್ವಿಗ್ ಸಹೋದರರು ದೊಡ್ಡ ಡ್ರಮ್ಮನ್ನು ಕಾಲಿನಿಂದ ಬಾರಿಸುವ ಒಳ್ಳೆಯ ಪೆಡಲನ್ನು ರೂಪಿಸಿದರು. ಹಲವರು ಮಾಡುತ್ತಿದ್ದ ಕೆಲಸವನ್ನು ಒಬ್ಬನೇ ಕುರ್ಚಿಯಲ್ಲಿ ಕೂತು ಮಾಡುವ ‘ಡ್ರಮ್‌ಸೆಟ್’ ಹುಟ್ಟಿತು. ಈಗ ಡ್ರಮ್ಮಿನ ಬಾಯಿ ಓರೆಯಾಗಿರಬೇಕಿಲ್ಲ, ಎಡಗೈ ತಿರುಚಬೇಕಿಲ್ಲ. ಆದರೂ ಹಿಡಿತ ಬದಲಾಗಲಿಲ್ಲ. ಸೈನಿಕ ಬ್ಯಾಂಡಿನ ಪಾಠ ಕಲಿತು ಬಂದ ಜಾಸ್ ವಾದಕರು ಹಳೆಯ ರೀತಿಯಲ್ಲೇ ಮುಂದುವರಿದರು. ಅಷ್ಟೇ ಅಲ್ಲ, ಆ ಹಿಡಿತಕ್ಕೆ ಅನುಕೂಲವಾಗಲೆಂದು ಸ್ಟ್ಯಾಂಡಿನ ಮೇಲಿದ್ದ ಡ್ರಮ್ಮನ್ನೇ ಓರೆ ಮಾಡಿಕೊಂಡರು! ವಾದ್ಯಕ್ಕಾಗಿ ಹುಟ್ಟಿದ ಹಿಡಿತಕ್ಕೆ ಈಗ ವಾದ್ಯವೇ ಬಾಗಿತು. ಬಡ್ಡಿ ರಿಚ್‌ನಂಥ ಮಹಾ ವಾದಕ ಕೊನೆಯವರೆಗೂ ಇದೇ ಹಿಡಿತದಲ್ಲಿ ಬಾರಿಸಿದ.

ಬದಲಾವಣೆಯನ್ನು ಮನೆಮನೆಗೆ ಮುಟ್ಟಿಸಿದ್ದು ಟೆಲಿವಿಷನ್. 1964ರ ಫೆಬ್ರುವರಿ 9ರಂದು ಬೀಟಲ್ಸ್ ತಂಡ ಅಮೆರಿಕದ ಎಡ್ ಸಲಿವನ್ ಕಾರ್ಯಕ್ರಮದಲ್ಲಿ ಹಾಡಿದಾಗ ಸುಮಾರು 7 ಕೋಟಿ 30 ಲಕ್ಷ ಜನ ನೋಡಿದರೆಂಬ ಅಂದಾಜಿದೆ. ಡ್ರಮ್ ಬಾರಿಸುತ್ತಿದ್ದ ರಿಂಗೋ ಸ್ಟಾರ್ ಎರಡೂ ಕೈಗಳಲ್ಲಿ ಕೋಲನ್ನು ಒಂದೇ ರೀತಿ ಹಿಡಿದಿದ್ದ. ಸ್ವತಃ ಎಡಚನಾದ ಆತ ಕೂತಿದ್ದು ಬಲಗೈಯವರಿಗೆ ಜೋಡಿಸಿದ ಡ್ರಮ್‌ಸೆಟ್ಟಿನಲ್ಲಿ. ಸಮ ಹಿಡಿತ ಅವನ ಆವಿಷ್ಕಾರವಲ್ಲ. ನಗಾರಿ, ಚೆಂಡೆಗಳವರಿಗೆ ಅದು ಎಂದಿನಿಂದಲೂ ಗೊತ್ತಿತ್ತು. ಆದರೆ ಅಂದು ನೋಡಿದ ಒಂದು ಪೀಳಿಗೆಗೆ ಅದೇ ಸಹಜವಾಗಿ ಕಂಡಿತು. ಇಂದು ಕಲಿಯುವವರಲ್ಲಿ ಹೆಚ್ಚಿನವರು ಸಮ ಹಿಡಿತದಿಂದಲೇ ಆರಂಭಿಸುತ್ತಾರೆ.

ಹಾಗಾದರೆ ಯಾವುದು ಸರಿ? ಗುರುಗಳು ಒಪ್ಪುವ ಮಾತು ಒಂದೇ: ಕೋಲನ್ನು ಹಿಸುಕಬಾರದು. ಬಿಗಿದ ಚರ್ಮ ಕೋಲನ್ನು ಮರಳಿ ಚಿಮ್ಮಿಸುತ್ತದೆ. ಹೆಬ್ಬೆರಳು ಮತ್ತು ಒಂದು ಬೆರಳಿನ ನಡುವೆ ಕೋಲು ತಕ್ಕಡಿಯ ದಂಡದಂತೆ ಆಡುವಂತಿದ್ದರೆ ಆ ಚಿಮ್ಮುವಿಕೆಯೇ ಮುಂದಿನ ಪೆಟ್ಟಿಗೆ ಬಲವಾಗುತ್ತದೆ. ಮುಷ್ಟಿ ಬಿಗಿದರೆ ನಾದ ಸಾಯುತ್ತದೆ, ಮಣಿಕಟ್ಟು ನೋಯುತ್ತದೆ. ಇಡೀ ರಾತ್ರಿ ದೇವರ ಮುಂದೆ ಬಾರಿಸುವ ತಮಟೆಯವನು ಯಾವ ಪುಸ್ತಕವನ್ನೂ ಓದದೆ ಇದನ್ನು ಬಲ್ಲ. ಬಿಗಿಮುಷ್ಟಿಯಲ್ಲಿ ಬೆಳಗಿನವರೆಗೆ ಬಾರಿಸಲು ಯಾರಿಂದಲೂ ಆಗದು.

ಗೌರವದಿಂದ ಚಾಕರಿಗೆ

ಕಾರಣ ಹೋದ ಮೇಲೂ ಪದ್ಧತಿ ಉಳಿಯುತ್ತದೆ ಎಂಬುದು ಡ್ರಮ್ಮಿನ ಎಡಗೈ ಕಲಿಸುವ ಪಾಠ. ಬೆರಳಿನ ವಿಷಯದಲ್ಲಿ ಇದು ಸ್ವಾರಸ್ಯದ ಸಂಗತಿ ಮಾತ್ರ. ಆದರೆ ನಮ್ಮ ಊರುಗಳಲ್ಲಿ ಕೋಲನ್ನು ಹೇಗೆ ಹಿಡಿಯಬೇಕು ಎನ್ನುವುದಕ್ಕಿಂತ ಯಾರು ಹಿಡಿಯಬೇಕು ಎಂಬುದೇ ದೊಡ್ಡ ಕಟ್ಟಳೆಯಾಗಿತ್ತು.

ಕನ್ನಡ ನಾಡಿನ ಶಾಸನಗಳಲ್ಲಿ ಸಾಮಂತರಿಗೂ ಮಹಾಮಂಡಲೇಶ್ವರರಿಗೂ ‘ಸಮಧಿಗತ ಪಂಚಮಹಾಶಬ್ದ’ ಎಂಬ ಬಿರುದು ಮತ್ತೆ ಮತ್ತೆ ಬರುತ್ತದೆ. ಐದು ವಾದ್ಯಗಳನ್ನು ತಮ್ಮ ಮುಂದೆ ಮೊಳಗಿಸಿಕೊಳ್ಳುವ ಅಧಿಕಾರ ಪಡೆದವರು ಎಂದು ಅದರ ಅರ್ಥ. ಆ ಐದು ಯಾವುವು? ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ ಕೊಡುವ ಪಟ್ಟಿಯಲ್ಲಿ ಶೃಂಗ, ಶಂಖ, ಭೇರಿ, ಜಯಘಂಟೆಗಳ ಜೊತೆಗೆ ‘ತಮ್ಮಟ’ವೂ ಇದೆ. ಈ ಶಿವಯೋಗಿಗಳ ಹೆಸರು ಕೊಳ್ಳೇಗಾಲದ ಬಳಿಯ ಶಂಭುಲಿಂಗನ ಬೆಟ್ಟದೊಂದಿಗೆ ಸೇರಿಕೊಂಡಿದೆ. ಬೆಳಕವಾಡಿಯ ಕಡೆಯಿಂದ ನೋಡಿದರೆ ಹೊಳೆಯಾಚೆಯ ನಾಡು. ಅಂದರೆ ಅರಸನ ಕೃಪೆಯಿಲ್ಲದೆ ಮುಂದೆ ಬಾರಿಸಿಕೊಳ್ಳಲಾಗದ ಗೌರವದ ವಾದ್ಯಗಳ ಸಾಲಿನಲ್ಲಿ ತಮಟೆಯೂ ಇತ್ತು. ಮೊಳಗಿಸಿಕೊಂಡವನ ಬಿರುದು ಕಲ್ಲಿನಲ್ಲಿ ಉಳಿಯಿತು. ಮೊಳಗಿಸಿದವನ ಹೆಸರು ಅಲ್ಲಿ ಕಾಣುವುದಿಲ್ಲ.

ವಾದ್ಯಕ್ಕೆ ಗೌರವವಿದ್ದರೂ ಅದರ ಚರ್ಮವನ್ನು ಸುಲಿದು, ಹದ ಮಾಡಿ, ಬಿಗಿದು, ಬಾರಿಸಿದವರು ಊರ ಹೊರಗೆ ಉಳಿದರು. ಸತ್ತ ದನವನ್ನು ಸಾಗಿಸುವವರು, ಅದರ ಚರ್ಮದಿಂದ ವಾದ್ಯ ಮಾಡುವವರು, ಸಾವಿನ ಮನೆಯ ಮುಂದೆ ಅದನ್ನು ಬಾರಿಸುವವರು ಬಹುಪಾಲು ಊರುಗಳಲ್ಲಿ ಅಸ್ಪೃಶ್ಯರೆನಿಸಿಕೊಂಡ ಸಮುದಾಯಗಳವರೇ. ದೇವರ ಉತ್ಸವಕ್ಕೆ ತಮಟೆ ಬೇಕು. ತಮಟೆಯವನು ಗುಡಿಯ ಒಳಗೆ ಬೇಡ. ಈ ವಿರೋಧಾಭಾಸವನ್ನು ಹಳೆಯ ತಲೆಮಾರಿನವರು ಪ್ರಶ್ನೆಯೇ ಇಲ್ಲದೆ ಒಪ್ಪಿಕೊಂಡಿದ್ದರು.

ಇದಕ್ಕೆ ಆಡಳಿತದ ಮುದ್ರೆಯೂ ಇತ್ತು. ಹಳೆಯ ಗ್ರಾಮ ವ್ಯವಸ್ಥೆಯಲ್ಲಿ ಪಟೇಲ, ಶಾನುಭೋಗರ ಕೆಳಗೆ ತೋಟಿ, ತಳವಾರ, ನೀರಗಂಟಿ ಮುಂತಾದ ವಂಶಪಾರಂಪರ್ಯದ ಚಾಕರಿಗಳಿದ್ದವು. ಸರ್ಕಾರದ ಆಜ್ಞೆಯನ್ನು ಊರಿಗೆ ಸಾರುವುದು ಕೆಳಗಿನ ಚಾಕರಿಯವರ ಪಾಲಿಗೆ ಬರುತ್ತಿತ್ತು. ‘ಡಂಗುರ ಸಾರುವುದು’, ‘ಟಾಂ ಟಾಂ ಹೊಡೆಸುವುದು’ ಎಂಬ ಮಾತುಗಳು ಆ ಕಾಲದ ಉಳಿಕೆ. ಪ್ರತಿಫಲವಾಗಿ ಒಂದಿಷ್ಟು ಇನಾಂ ಜಮೀನು, ಸುಗ್ಗಿಯಲ್ಲಿ ಕಾಳು. ಅಪ್ಪನ ಕೈಯ ಕೋಲು ಮಗನ ಕೈಗೆ ಬರಲೇಬೇಕು. ಅವನಿಗೆ ಇಷ್ಟವಿದೆಯೇ ಎಂದು ಕೇಳುವವರಿರಲಿಲ್ಲ.

ಇಂಥ ವಂಶಪಾರಂಪರ್ಯದ ಚಾಕರಿ ಗುಲಾಮಗಿರಿಯ ಇನ್ನೊಂದು ರೂಪ ಎಂದು ಡಾ. ಅಂಬೇಡ್ಕರ್ ಬಹಳ ಮೊದಲೇ ಗುರುತಿಸಿದ್ದರು. ಮಹಾರ್ ವತನದ ಬಂಧನ ಸಡಿಲಿಸಲು 1928ರಲ್ಲಿ ಅವರು ಮುಂಬಯಿ ವಿಧಾನ ಪರಿಷತ್ತಿನಲ್ಲಿ ಮಸೂದೆ ಮಂಡಿಸಿದರು. ಆಗ ಬೆಳಗಾವಿ, ಧಾರವಾಡ, ವಿಜಾಪುರಗಳೂ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ನಮ್ಮಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬಂದದ್ದು 1961ರಲ್ಲಿ, ಜಾರಿಯಾದದ್ದು 1963ರಲ್ಲಿ. ಪಟೇಲ, ಶಾನುಭೋಗರ ಅಧಿಕಾರ ಹೋದದ್ದನ್ನೇ ಜನ ಹೆಚ್ಚಾಗಿ ನೆನೆಯುತ್ತಾರೆ. ಆದರೆ ಆ ಕಾಯ್ದೆ ಕೆಳಗಿನ ಚಾಕರಿಗಳ ವಂಶಪಾರಂಪರ್ಯವನ್ನೂ ಕಡಿದು ಹಾಕಿತು. ಊರಿಗೆ ಸಾರುವುದು ಇನ್ನು ಹುಟ್ಟಿನಿಂದ ಬರುವ ಕೆಲಸವಲ್ಲ ಎಂದು ಕಾನೂನು ಹೇಳಿತು.

ಕಾನೂನು ಹೇಳಿದ ಮಾತ್ರಕ್ಕೆ ಪದ್ಧತಿ ಬಿಡುತ್ತದೆಯೇ? ಡ್ರಮ್ಮು ಹೆಗಲಿನಿಂದ ಇಳಿದ ಮೇಲೂ ಎಡಗೈ ತಿರುಚಿಕೊಂಡೇ ಇತ್ತಲ್ಲ! ಹಬ್ಬ, ಸಾವು, ಮೆರವಣಿಗೆಗಳಲ್ಲಿ ಬಿಟ್ಟಿಯಾಗಿ ಬಾರಿಸಲೇಬೇಕೆಂಬ ಒತ್ತಾಯ ಊರ ಕಟ್ಟಳೆಯಾಗಿ ಮುಂದುವರಿಯಿತು.

ಕೆಳಗಿಡುವುದೋ, ಎತ್ತಿ ಹಿಡಿಯುವುದೋ

1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹಳ್ಳಿಹಳ್ಳಿಗೆ ಹೋದಾಗ ಈ ಪ್ರಶ್ನೆ ಬಹಿರಂಗವಾಗಿ ಎದ್ದಿತು. ಓದಿದ ಯುವಕರಲ್ಲಿ ಹಲವರು ತಮಟೆಯನ್ನು ಕೆಳಗಿಟ್ಟರು. ಅಪ್ಪ, ತಾತಂದಿರು ಅವಮಾನದ ಜೊತೆಗೆ ಹೊತ್ತದ್ದನ್ನು ತಾವೇಕೆ ಹೊರಬೇಕು ಎಂಬುದು ಅವರ ವಾದ. ಹೀಗೆ ನಿರಾಕರಿಸಿದ್ದಕ್ಕೆ ಬಹಿಷ್ಕಾರ, ಹಲ್ಲೆಗಳನ್ನು ಎದುರಿಸಿದ ಸುದ್ದಿಗಳೂ ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ತಮಟೆ ಬಾರಿಸದಿರುವುದೂ ಒಂದು ಹಕ್ಕು ಎಂಬುದನ್ನು ಒಪ್ಪಲು ಕೆಲವು ಊರುಗಳು ಇನ್ನೂ ಸಿದ್ಧವಿಲ್ಲ.

ಇನ್ನೊಂದು ದಾರಿಯೂ ಅದೇ ಚಳವಳಿಯಲ್ಲಿ ಹುಟ್ಟಿತು. ಸಾರಲು, ಸಾವಿಗೆ, ಸೇವೆಗೆ ಬಡಿಯುತ್ತಿದ್ದ ವಾದ್ಯವನ್ನೇ ಮೆರವಣಿಗೆಯ ಮುಂದೆ ಎತ್ತಿ ಹಿಡಿದು ಬಾರಿಸಿದವರು ಇವರು. ಕೋಲು ಅದೇ, ಹಿಡಿತ ಅದೇ. ಆದರೆ ಯಾರೋ ಕರೆಸಿ ಬಾರಿಸಿದ್ದಕ್ಕೂ ತಾನೇ ಬಂದು ಬಾರಿಸಿದ್ದಕ್ಕೂ ಅರ್ಥ ಬೇರೆ. ತಮಟೆ ಇಲ್ಲದ ಹೋರಾಟದ ಮೆರವಣಿಗೆ ಈಗ ಅಪರೂಪ.

ಈ ಎರಡು ನಿಲುವುಗಳಲ್ಲಿ ಒಂದು ಸರಿ, ಒಂದು ತಪ್ಪು ಎಂದು ಹೊರಗೆ ನಿಂತವರು ತೀರ್ಪು ಕೊಡುವುದು ಸುಲಭ. ಕಲೆ ಅಳಿಯುತ್ತಿದೆ ಎಂದು ಮರುಗುವ ಜಾನಪದ ಪ್ರೇಮಿಗಳು, ಅದನ್ನು ಉಳಿಸುವ ಹೊಣೆಯನ್ನು ಮತ್ತೆ ಅದೇ ಕೇರಿಯ ಹೆಗಲಿಗೆ ಹಾಕುತ್ತಿಲ್ಲವೇ ಎಂದು ತಮ್ಮನ್ನೇ ಕೇಳಿಕೊಳ್ಳಬೇಕು. ಹಾಗೆಂದು ಶತಮಾನಗಳ ಲಯಜ್ಞಾನವನ್ನು ಅವಮಾನದ ನೆನಪಿನ ಜೊತೆ ಹೂಳಿಬಿಟ್ಟರೆ ನಷ್ಟ ಇಡೀ ನಾಡಿನದು.

ಮರ್ಯಾದೆ ಮತ್ತು ಸಂಭಾವನೆ ಎರಡೂ ಇರುವಲ್ಲಿ ಕಲೆ ತಾನಾಗಿ ಕಾಲೂರುತ್ತದೆ ಎಂಬುದಕ್ಕೆ ಈಚಿನ ಕೆಲವು ಸೂಚನೆಗಳಿವೆ. ನಾಗಮಂಗಲ ತಾಲ್ಲೂಕಿನಿಂದ ಬಂದ ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ತೆರೆದ ಜಾನಪದ ಲೋಕ ಇಂಥ ಕಲೆಗಳಿಗೆ ವೇದಿಕೆಯಾಯಿತು. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಮಹಿಳೆಯರ ತಮಟೆ ತಂಡಗಳೂ ಹುಟ್ಟಿಕೊಂಡಿವೆ. ಹಿಂದೆ ಕೋಲು ಹಿಡಿಯುವುದು ಗಂಡಸರಿಗೆ ಕಡ್ಡಾಯವಾಗಿದ್ದರೆ ಹೆಂಗಸರಿಗೆ ನಿಷಿದ್ಧದಂತಿತ್ತು. ಈಗ ಅವರು ಹಿಡಿದಿರುವುದು ಯಾರ ಅಪ್ಪಣೆಯಿಂದಲೂ ಅಲ್ಲ.

ಬೆಳಕವಾಡಿಯ ಹೆಸರು ಕರ್ನಾಟಕ ಸಂಗೀತದ ಚರಿತ್ರೆಯಲ್ಲಿ ದಾಖಲಾಗಿದೆ. ಮೈಸೂರು ಆಸ್ಥಾನದ ವಿದ್ವಾಂಸರಾಗಿದ್ದ ಗಾಯಕ ಬೆಳಕವಾಡಿ ಶ್ರೀನಿವಾಸ ಅಯ್ಯಂಗಾರ್ ತಮ್ಮ ಹೆಸರಿನ ಮುಂದೆ ಊರನ್ನು ಹೊತ್ತು ಅದನ್ನು ಪ್ರಸಿದ್ಧಿಗೆ ತಂದರು. ಅದು ಊರಿಗೆ ಹೆಮ್ಮೆಯೇ. ಇಂಥ ಊರುಗಳ ಬೀದಿಗಳಲ್ಲಿ ತಲೆಮಾರುಗಳಿಂದ ರಾತ್ರಿಯಿಡೀ ತಾಳ ತಪ್ಪದೆ ಬಾರಿಸಿದವರ ಹೆಸರುಗಳನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಅವರನ್ನು ‘ವಿದ್ವಾನ್’ ಎಂದು ಕರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಇಂದು ಯಾವುದೇ ಹಳ್ಳಿಯ ಶಾಲೆಯವರು ಮನಸ್ಸು ಮಾಡಿದರೆ, ಊರಿನ ಹಿರಿಯ ತಮಟೆ ವಾದಕರನ್ನು ಸಂಭಾವನೆ ಕೊಟ್ಟು ಕರೆಸಿ, ಎಲ್ಲ ಜಾತಿಯ ಮಕ್ಕಳಿಗೂ ಆ ಎರಡು ಕೋಲುಗಳ ಪಾಠ ಹೇಳಿಸಬಹುದು. ಕಲಿಯಲು ಬಂದ ಮಗುವಿಗೆ ಅದು ಒಂದು ವಿದ್ಯೆ ಮಾತ್ರವಾಗಿರುತ್ತದೆ.

ಕೋಲನ್ನು ಅಂಗೈ ಕೆಳಗಾಗಿ ಹಿಡಿಯಬಹುದು, ಮೇಲಾಗಿಯೂ ಹಿಡಿಯಬಹುದು. ಒಂದು ಹಿಡಿಯಬಹುದು, ಎರಡನ್ನೂ ಹಿಡಿಯಬಹುದು. ಹೇಗೆ ಎಂಬುದನ್ನು ವಾದ್ಯದ ಭಾರ ಮತ್ತು ಬೇಕಾದ ನಾದ ಹೇಳಿಕೊಡುತ್ತವೆ. ಹಿಡಿಯಬೇಕೋ ಬೇಡವೋ ಎಂಬುದನ್ನು ಮಾತ್ರ ಹಿಡಿಯುವ ಕೈಯೇ ನಿರ್ಧರಿಸಬೇಕು. ನಮ್ಮ ಹಳ್ಳಿಗಳಲ್ಲಿ ಆ ಆಯ್ಕೆ ಕಾನೂನಿನ ಮೂಲಕ ಬಂದು 60 ವರ್ಷಗಳ ಮೇಲಾಯಿತು. ಅದು ಬೀದಿಗೆ ಪೂರ್ತಿಯಾಗಿ ಇಳಿಯುವುದು ಇನ್ನೂ ಬಾಕಿ ಇದೆ.